ಬೈಬಲ್ ಪ್ರವಾದನೆಗಳನ್ನು ಕಾರ್ಬನ್ ಡೇಟಿಂಗ್ ಸಾಬೀತು ಮಾಡಿದೆಯೇ?

ಪ್ರವಾದನೆಗಳು ಅಕ್ಷರಶಃ ನೆರವೇರಿವೆ ಎಂದು ವಿಜ್ಞಾನವೇ ಒಪ್ಪಿದೆ ಅಂತ ವಿಡಿಯೊ ಒಂದರಲ್ಲಿ ಹೇಳುತ್ತಿದ್ದರು, ನಂಬಬಹುದಾ ಎಂದು ಕೇಳಿದ್ದೀರಿ. ಅರ್ಧ ನಂಬಬಹುದು. ಯಾವ ಅರ್ಧ ಅನ್ನೋದನ್ನು ನೋಡೋಣ.

ಕಾರ್ಬನ್ ಡೇಟಿಂಗ್ ಅಳೆಯುವುದು ಚರ್ಮದ ಹಾಳೆಯನ್ನು, ಅದರ ಮೇಲಿನ ಮಾತನ್ನಲ್ಲ. ಪ್ರಾಣಿ ಸತ್ತ ಮೇಲೆ ಅದರ ಚರ್ಮದಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಉಳಿದದ್ದನ್ನು ಅಳೆದರೆ ಪ್ರಾಣಿ ಸತ್ತ ಕಾಲ ಸಿಗುತ್ತದೆ, ಅದೂ ಹಲವು ದಶಕಗಳ ಹಿಂದುಮುಂದಿನೊಂದಿಗೆ. ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಯಲ್ಲಿ ಸಿಕ್ಕ, ಬೈಬಲಿನ ಯೆಶಾಯ ಗ್ರಂಥದ ದೊಡ್ಡ ಸುರುಳಿಯನ್ನೇ ತೆಗೆದುಕೊಳ್ಳಿ. 17 ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ್ದು, ಸುಮಾರು 7.3 ಮೀಟರ್ ಉದ್ದ. ಕಾರ್ಬನ್ ಪರೀಕ್ಷೆಯೂ ಅಕ್ಷರದ ಬರವಣಿಗೆಯೂ ಅದು ಯೇಸುವಿಗಿಂತ ಹಿಂದಿನದು ಎನ್ನುತ್ತವೆ. ಹಾಗಾಗಿ 53ನೇ ಅಧ್ಯಾಯದಲ್ಲಿ ಇತರರ ಪಾಪಕ್ಕಾಗಿ ನೋವುಣ್ಣುವ ‘ನೊಂದ ಸೇವಕ’ನನ್ನು ಕ್ರೈಸ್ತರು ಆಮೇಲೆ ಬರೆದು ಸೇರಿಸಿದರು ಎಂಬ ಆರೋಪ ನಿಲ್ಲುವುದಿಲ್ಲ. ಇದು ಸಣ್ಣ ವಿಷಯವಲ್ಲ. ಆದರೆ ಆ ಸೇವಕ ಯಾರು? ಯೇಸು ಎಂದು ಕ್ರೈಸ್ತರು, ಇಸ್ರಾಯೇಲ್ ಜನಾಂಗ ಎಂದು ಹೆಚ್ಚಿನ ಯೆಹೂದ್ಯರು ಓದುತ್ತಾರೆ. ಪ್ರಯೋಗಾಲಯ ಅಲ್ಲಿ ಬಾಯಿ ಹಾಕುವಂತಿಲ್ಲ.

ಇಸವಿ ಲೆಕ್ಕ ಹಾಕುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್, ದಾನಿಯೇಲ 8:14ರಲ್ಲಿ ‘ಪವಿತ್ರಾಲಯದ ಶುದ್ಧಿ’ಗೆ ಹೇಳಿರುವ 2,300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿದ. 2,300ರಲ್ಲಿ 457 ಕಳೆದರೆ 1843. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1, ನಡುವೆ ಸೊನ್ನೆ ವರ್ಷವಿಲ್ಲ, ಹಾಗಾಗಿ 1844 ಆಗಬೇಕು. ಕೊನೆಗೆ ಅವನ ಅನುಯಾಯಿಗಳು ಕ್ರಿಸ್ತ ಮರಳಿ ಬರುವುದು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಬೆಳೆ ಕೊಯ್ಯದೆ ಬಿಟ್ಟು ಕಾದ ರೈತರಿದ್ದರು. ಕ್ರಿಸ್ತ ಬರಲಿಲ್ಲ. ಕಳೆಯುವ ಲೆಕ್ಕದಲ್ಲಿ ತಪ್ಪಿರಲಿಲ್ಲ. ದಿನವೆಂದರೆ ವರ್ಷ, ಎಣಿಕೆಯ ಆರಂಭ 457, ‘ಪವಿತ್ರಾಲಯದ ಶುದ್ಧಿ’ ಎಂದರೆ ಕ್ರಿಸ್ತನ ಮರುಬರವು: ಈ ಮೂರೂ ಊಹೆಗಳು. ಅಂಕಿಗಳ ಹಿಂದೆ ಅಡಗಿ ಕೂತಿದ್ದರಿಂದ ಅವು ಊಹೆಗಳೆಂದು ನಂಬಿದವರಿಗೆ ಕಾಣಲಿಲ್ಲ.

ಹೆಚ್ಚು ಉದಾಹರಿಸುವುದು ಯೆಹೆಜ್ಕೇಲ 26ನ್ನು. ಮೆಡಿಟರೇನಿಯನ್ ದಡದಲ್ಲೂ ಎದುರಿನ ದ್ವೀಪದಲ್ಲೂ ಹರಡಿದ್ದ ತೂರ್ ಪಟ್ಟಣದ ಕಲ್ಲು, ಮರ, ಮಣ್ಣನ್ನು ನೀರಿಗೆ ಹಾಕುವರು, ಅದು ಬಲೆ ಹಾಸುವ ಬೋಳು ಬಂಡೆಯಾಗುವುದು, ಮತ್ತೆ ಕಟ್ಟಲ್ಪಡದು ಎಂದಿದೆ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೇ ಊರನ್ನು ಕೆಡವಿ, ಆ ಕಲ್ಲುಮಣ್ಣಿನಿಂದಲೇ ದ್ವೀಪದ ತನಕ ದಾರಿ ಹಾಕಿದ. ಏಳು ತಿಂಗಳ ಮುತ್ತಿಗೆಯ ನಂತರ ದ್ವೀಪ ಬಿತ್ತು. ಮಾತು ಮತ್ತು ಘಟನೆ ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ಭಕ್ತರಿಗೆ ರೋಮಾಂಚನವಾಗುವುದು ಸಹಜ. ಭೂವಿಜ್ಞಾನಿಗಳು ಅಲ್ಲಿ ಕೊರೆದು ತೆಗೆದ ಮಣ್ಣಿನ ಪದರಗಳು ಇನ್ನೊಂದು ಸಂಗತಿ ತೋರಿಸಿವೆ. ದ್ವೀಪ ಅಲೆಗಳನ್ನು ತಡೆಯುತ್ತಿದ್ದುದರಿಂದ ಅದರ ಮರೆಯಲ್ಲಿ ಮರಳು ಕೂಡಿ, ನೀರಿನಿಂದ ಒಂದೆರಡು ಮೀಟರ್ ಕೆಳಗೆ ದಿಬ್ಬವೊಂದು ಮೊದಲೇ ಬೆಳೆದಿತ್ತು. ದಾರಿ ಹಾಕಲು ಸಾಧ್ಯವಾದದ್ದು ಅದರಿಂದ. ಆಮೇಲೆ ಮರಳು ಇನ್ನಷ್ಟು ತುಂಬಿ ದ್ವೀಪ ನೆಲಕ್ಕೇ ಅಂಟಿಕೊಂಡಿತು.

ವಿಡಿಯೊಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತವೆ. ದಯವಿಟ್ಟು ಏಳನೇ ವಚನವನ್ನೂ ಓದಿ. ಅಲ್ಲಿ ಹೆಸರಿರುವುದು ಬಾಬೆಲಿನ ಅರಸ ನೆಬೂಕದ್ನೆಚ್ಚರನದು. ಅವನು 13 ವರ್ಷ ಮುತ್ತಿಗೆ ಹಾಕಿದರೂ ಹೇಳಿದಷ್ಟು ಲೂಟಿ ಸಿಗಲಿಲ್ಲ. ತೂರ್ ಇಂದಿಗೂ ಲೆಬನಾನಿನಲ್ಲಿ ಜನ ಬಾಳುತ್ತಿರುವ ಊರು. ಹಳೆಯ ಫಿನಿಷಿಯನ್ ಪಟ್ಟಣ ಏಳಲಿಲ್ಲ ಎಂದು ಸಮರ್ಥಿಸುವವರಿದ್ದಾರೆ, ನನಗೆ ಆ ವಾದ ಎಳೆದು ತಂದಂತೆ ಕಾಣುತ್ತದೆ.

ನಂಬಿಕೆ ಇರುವವರು ಇದಕ್ಕೆ ಹೆದರಬೇಕಿಲ್ಲ ಎನ್ನುವುದಕ್ಕೆ ಅದೇ ಗ್ರಂಥದಲ್ಲಿ ಆಧಾರವಿದೆ. ಯೆಹೆಜ್ಕೇಲ 29:17ರಿಂದ 20ರವರೆಗೆ ತೆರೆಯಿರಿ. ಸೈನಿಕರ ತಲೆ ಬೋಳಾಯಿತು, ಹೆಗಲು ಕಿತ್ತುಹೋಯಿತು, ಆದರೂ ತೂರಿನಿಂದ ಅರಸನಿಗೂ ಸೈನ್ಯಕ್ಕೂ ಕೂಲಿ ಸಿಗಲಿಲ್ಲ, ಅದರ ಬದಲಿಗೆ ಐಗುಪ್ತವನ್ನು ಕೊಡುತ್ತೇನೆ ಎನ್ನುತ್ತದೆ ದೇವರ ಮಾತು. ಮೊದಲ ಮಾತನ್ನು ತಿದ್ದಿ ಅಳಿಸಲು ಗ್ರಂಥ ಕೂಡಿಸಿದವರಿಗೆ ಅವಕಾಶವಿತ್ತು. ಅವರು ಎರಡನ್ನೂ ಮೂರೇ ಅಧ್ಯಾಯಗಳ ಅಂತರದಲ್ಲಿ ಹಾಗೆಯೇ ಉಳಿಸಿದರು.