ಎಡಿಟಿಂಗ್ ಟೇಬಲ್‌ನಿಂದ: ಮೊದಲ ಕಿರುಚಿತ್ರದ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಕಿರುಚಿತ್ರಕ್ಕೆ ಕೈ ಹಾಕಿದವರದ್ದೇ. ನಾನು ನಿರ್ದೇಶಕನಲ್ಲ, ಎಡಿಟರ್. ನೀವು ತಂದ ಶಾಟುಗಳು ಟೇಬಲ್ ಮೇಲೆ ಜೋಡಣೆ ಆಗ್ತವಾ ಇಲ್ವಾ ಅನ್ನೋದಷ್ಟೇ ನನ್ನ ಚಿಂತೆ. ಉತ್ತರಗಳನ್ನೂ ಹಾಗೇ ಓದಿಕೊಳ್ಳಿ.

ಪ್ರಶ್ನೆ: ನನ್ನ ಹತ್ತಿರ ಒಳ್ಳೆಯ ಫೋನ್ ಇದೆ. ಆದರೆ ಗೆಳೆಯರು ಸಾಲ ಮಾಡಿಯಾದರೂ ದೊಡ್ಡ ಕ್ಯಾಮೆರಾ ತಾ ಅನ್ನುತ್ತಾರೆ. ಏನು ಮಾಡಲಿ?

ಸಾಲ ಬೇಡ. 2015ರಲ್ಲಿ ಅಮೆರಿಕದ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ಐಫೋನ್ 5ಎಸ್‌ನಲ್ಲಿ ತೆಗೆದ ಪೂರ್ಣ ಪ್ರಮಾಣದ ಚಿತ್ರವೊಂದು ತೆರೆ ಕಂಡಿತ್ತು. ಆ ಫೋನಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದೆ ಚಿತ್ರವನ್ನು ಸಿನಿಮಾದಂತೆ ಅಗಲವಾಗಿಸುವ ಅನಾಮಾರ್ಫಿಕ್ ಅಡಾಪ್ಟರ್ ಲೆನ್ಸ್ ಇತ್ತು, ಎಕ್ಸ್‌ಪೋಷರ್ (ಅಂದರೆ ಒಳಬರುವ ಬೆಳಕು) ನಾವೇ ಹತೋಟಿಯಲ್ಲಿಡುವ ಆಪ್ ಇತ್ತು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ.

ಫೋನಿನ ದೊಡ್ಡ ಶತ್ರು ಅದರ ಬುದ್ಧಿವಂತಿಕೆ. ಪಾತ್ರ ಕಿಟಕಿ ಕಡೆ ತಿರುಗಿದರೆ ಸಾಕು, ಫೋನ್ ತಾನಾಗಿ ಬೆಳಕು ಕಡಿಮೆ ಮಾಡುತ್ತದೆ, ಬಣ್ಣವನ್ನೂ ಬದಲಿಸುತ್ತದೆ. ಶಾಟಿನ ನಡುವೆ ಮುಖ ಹಳದಿಯಿಂದ ನೀಲಿಗೆ ಹೋದರೆ ಅದನ್ನು ಮುಂದಿನ ಶಾಟಿಗೆ ಹೊಂದಿಸುವುದು ದೊಡ್ಡ ತಲೆನೋವು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಯಾವುದಾದರೂ ಒಂದು ಇಟ್ಟುಕೊಳ್ಳಿ, ಕೊನೆವರೆಗೂ ಬದಲಿಸಬೇಡಿ. ಶಟರ್ ವೇಗ 1/50 ಸೆಕೆಂಡ್ ಇರಲಿ. ಬಲ್ಬುಗಳು ಮಿಣುಕುತ್ತಿದ್ದರೆ ನಿಮ್ಮಲ್ಲಿ ಬರುವ ಕರೆಂಟು ಎಷ್ಟು ಹರ್ಟ್ಸ್ ಎಂದು ನೋಡಿ. 50 ಇದ್ದರೆ 1/50, 60 ಇದ್ದರೆ 1/60.

ಇನ್ನೊಂದು ವಿಷಯ. ಬಹಳಷ್ಟು ಫೋನುಗಳು ಫ್ರೇಮ್ ರೇಟನ್ನು ಒಂದೇ ಸಮ ಇಡುವುದಿಲ್ಲ, ಒಳಗೊಳಗೇ ಏರಿಳಿಸುತ್ತವೆ. ಬೇರೆ ರೆಕಾರ್ಡರಿನಲ್ಲಿ ಹಿಡಿದ ಮಾತು ಶುರುವಿನಲ್ಲಿ ತುಟಿಗೆ ಹೊಂದುತ್ತದೆ, ಉದ್ದ ಟೇಕ್ ಆದರೆ ಕೊನೆಗೆ ಜಾರಿರುತ್ತದೆ. ಎಡಿಟಿಂಗ್ ಶುರು ಮಾಡುವ ಮುಂಚೆಯೇ ಎಲ್ಲ ಕ್ಲಿಪ್ಪುಗಳನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ. ಕ್ಯಾಮೆರಾಕ್ಕೆ ಅಂತ ಇಟ್ಟ ದುಡ್ಡಿದ್ದರೆ ಅದರಲ್ಲಿ ಮೈಕ್ ತಗೊಳ್ಳಿ.

ಪ್ರಶ್ನೆ: ಶೂಟಿಂಗ್ ಮುಗಿದಿದೆ. ಮಾತು ಬಾವಿಯೊಳಗಿಂದ ಬಂದ ಹಾಗಿದೆ. ಎಡಿಟಿಂಗ್‌ನಲ್ಲಿ ಸರಿ ಹೋಗುತ್ತದಾ?

ಪೂರ್ತಿ ಹೋಗಲ್ಲ. ಫ್ಯಾನಿನ ಸದ್ದಿನಂಥ ಒಂದೇ ಸಮದ ಗುಯ್‌ಗುಡುವಿಕೆಯನ್ನು ಸಾಫ್ಟ್‌ವೇರ್ ಚೆನ್ನಾಗಿಯೇ ತಗ್ಗಿಸುತ್ತದೆ. ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಹಾಗಲ್ಲ. ಅದು ಮಾತಿನ ಜೊತೆಗೇ ಬೆರೆತಿರುತ್ತದೆ. ಜಾಸ್ತಿ ತೆಗೆಯಲು ಹೋದರೆ ದನಿ ತಗಡಿನಂತಾಗುತ್ತದೆ. ಈ ಚಿತ್ರಕ್ಕೆ ನಿಮಗಿರುವ ದಾರಿ ಡಬ್ಬಿಂಗ್. ನಟರು ಆ ಪಾತ್ರ ಮರೆಯುವ ಮುಂಚೆ ಮಾಡಿಸಿ.

ಮುಂದಿನ ಸಲಕ್ಕೆ ಹೇಳುತ್ತೇನೆ. ಮೈಕಿನ ದರಕ್ಕಿಂತ ಅದು ಬಾಯಿಗೆ ಎಷ್ಟು ಹತ್ತಿರ ಇದೆ ಅನ್ನೋದು ಮುಖ್ಯ. ದೂರ ಅರ್ಧಕ್ಕೆ ಇಳಿಸಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಪ್ರತಿಧ್ವನಿ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಅದಕ್ಕೇ ಕ್ಯಾಮೆರಾ ತಲೆ ಮೇಲೆ ಕೂರಿಸಿದ ದುಬಾರಿ ಮೈಕಿಗಿಂತ ಫ್ರೇಮಿನ ಅಂಚಿನವರೆಗೂ ಕೋಲಿನಲ್ಲಿ ಇಳಿಸಿದ ಸಾಧಾರಣ ಮೈಕ್ ವಾಸಿ. ಅಂಗಿಯೊಳಗೆ ಲ್ಯಾಪೆಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಇಡುವುದಾದರೆ ಬಟ್ಟೆ ಉಜ್ಜದಂತೆ ಎರಡೂ ಕಡೆ ಟೇಪ್ ಹಾಕಿ. ಆಮೇಲೆ ನಟನಿಗೆ ಎದ್ದು, ಕೂತು, ಕೈ ಚಾಚಲು ಹೇಳಿ, ಕೇಳಿಸಿಕೊಳ್ಳಿ.

ಇಡೀ ಜಾಗ ಕಾಣುವ ವೈಡ್ ಶಾಟಿನಲ್ಲಿ ಮೈಕ್ ಹತ್ತಿರ ಹೋಗಲಾಗದು ಅಲ್ವಾ? ಟೇಕ್ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸಿ, ಅದೇ ಜಾಗದಲ್ಲಿ ಅದೇ ಮಾತುಗಳನ್ನು ಮೈಕ್ ಹತ್ತಿರ ಹಿಡಿದು ಹೇಳಿಸಿ. ಮಾತಿನ ವೇಗ ಇನ್ನೂ ನಾಲಿಗೆ ಮೇಲಿರುತ್ತದೆ, ಹಾಗಾಗಿ ಬಹುಪಾಲು ಹೊಂದುತ್ತದೆ. ಎರಡು ನಿಮಿಷದ ಕೆಲಸ. ಆದರೂ ಹೊಸಬರಲ್ಲಿ ಇದನ್ನು ಮಾಡಿ ತಂದವರನ್ನು ನಾನು ಕಂಡಿದ್ದು ಬಹಳ ಕಮ್ಮಿ.

ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನೆ ನಿಂತು ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಮಾತಿನ ನಡುವೆ ಕತ್ತರಿಸಿದ ಕಡೆ ಅದನ್ನು ತುಂಬದಿದ್ದರೆ ಕಿವಿಗೆ ಗುಂಡಿ ಬಿದ್ದ ಹಾಗೆ ಕೇಳುತ್ತದೆ. ರೆಕಾರ್ಡರ್ 48 ಕಿಲೋಹರ್ಟ್ಸ್, 24 ಬಿಟ್‌ಗೆ ಇರಲಿ. ಜೋರು ಮಾತು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ನಿಲ್ಲಲಿ. ಸದ್ದು ಬರದಿರಲಿ ಅಂತ ಫ್ರಿಜ್ ಆಫ್ ಮಾಡಿದರೆ ಬೀಗದ ಕೈಯನ್ನು ಅದರೊಳಗೇ ಇಡಿ, ಹೊರಡುವಾಗ ಆನ್ ಮಾಡುವುದು ತಾನಾಗಿ ನೆನಪಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳುವವರು ಬೇರೆಯೇ ಇರಬೇಕು, ನಿರ್ದೇಶಕರಲ್ಲ. ನಿರ್ದೇಶಕರಿಗೆ ಸಂಭಾಷಣೆ ಬಾಯಿಪಾಠ. ಅವರಿಗೆ ಕೇಳಿಸದ ಮಾತೂ ಕೇಳಿಸಿಬಿಡುತ್ತದೆ.

ಪ್ರಶ್ನೆ: ಇಬ್ಬರು ಎದುರುಬದುರು ಕೂತು ಮಾತಾಡುವ ಸೀನ್. ಜೋಡಿಸಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿದ್ದಾರೆ. ಎಲ್ಲಿ ಎಡವಟ್ಟಾಯಿತು?

ಒಬ್ಬರಿಂದ ಇನ್ನೊಬ್ಬರವರೆಗೆ ಒಂದು ಗೆರೆ ಎಳೆದಂತೆ ಅಂದುಕೊಳ್ಳಿ. ಒಬ್ಬರನ್ನು ಗೆರೆಯ ಈಚೆಯಿಂದ, ಇನ್ನೊಬ್ಬರನ್ನು ಆಚೆಯಿಂದ ತೆಗೆದಿದ್ದೀರಿ. ಬೆಳಕು ಚೆನ್ನಾಗಿದೆ ಅಂತ ಕ್ಯಾಮೆರಾ ಆಚೆ ಒಯ್ದಿರಬೇಕು, ಸಾಮಾನ್ಯವಾಗಿ ಅದೇ ಕಾರಣ. ಒಂದು ಶಾಟನ್ನು ಎಡಬಲ ತಿರುಗಿಸಿ ನೋಡಿ. ಹಿಂದೆ ಬರಹ ಇಲ್ಲದಿದ್ದರೆ, ಅಂಗಿಯ ಜೇಬು, ಕೈಗಡಿಯಾರ ಕಾಣದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಾಗದಿದ್ದರೆ ನಡುವೆ ಕೈಯದೋ ಮೇಜಿನದೋ ಕ್ಲೋಸಪ್ ಹಾಕಿ. ಅದನ್ನು ಈಗಲೂ ಶೂಟ್ ಮಾಡಬಹುದು.

ನಿಮ್ಮ ಪತ್ರದಲ್ಲಿ ಶಾಟುಗಳ ಪಟ್ಟಿಯೂ ಇದೆ. ಅದರಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಬೇರೆ. ಮಾತಾಡುವವರ ಮುಖ ಬಿಟ್ಟರೆ ಇನ್ನೇನೂ ಇಲ್ಲ. ಕೇಳುತ್ತಿರುವವರ ಮುಖ ಎಲ್ಲಿ? ನನ್ನ ಕೆಲಸ ನಡೆಯುವುದೇ ಅದರ ಮೇಲೆ. ಉದ್ದ ಮಾತನ್ನು ಮೊಟಕು ಮಾಡಲು, ಎರಡನೇ ಟೇಕಿನಿಂದ ಐದನೆಯದಕ್ಕೆ ಹಾರಲು, ನಟ ತಡವರಿಸಿದ್ದನ್ನು ಮುಚ್ಚಲು ಆ ಮುಖ ಬೇಕು. ಇಡೀ ಸೀನನ್ನು ಒಮ್ಮೆ ಅವರ ಮೇಲೆ, ಇನ್ನೊಮ್ಮೆ ಇವರ ಮೇಲೆ, ಮಾತು ಯಾರದ್ದೇ ಇರಲಿ, ಪೂರ್ತಿ ತೆಗೆಯಿರಿ. ಎದ್ದು ನಿಲ್ಲುವುದನ್ನು ಎರಡೂ ಕೋನದಲ್ಲಿ ಪೂರ್ತಿ ಮಾಡಿಸಿ, ಆಗ ಆ ಚಲನೆಯ ನಡುವೆಯೇ ಕತ್ತರಿಸಬಹುದು. ಕೋನ ಬದಲಿಸುವಾಗ ಕನಿಷ್ಠ 30 ಡಿಗ್ರಿ ಸರಿಯಿರಿ, ಇಲ್ಲದಿದ್ದರೆ ಕಟ್ ಬದಲು ಕ್ಯಾಮೆರಾ ಬೆಚ್ಚಿದಂತೆ ಕಾಣುತ್ತದೆ. ಕೊನೆಯ ಮಾತು ಮುಗಿದ ಕೂಡಲೇ ‘ಕಟ್’ ಅಂತ ಕೂಗಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಪ್ರಶ್ನೆ: ನನ್ನ ಕಿರುಚಿತ್ರ 26 ನಿಮಿಷ ಇದೆ. ಜಾಸ್ತಿ ಆಯ್ತಾ?

ಆಸ್ಕರ್ ಲೆಕ್ಕದಲ್ಲಿ ಟೈಟಲ್ ಸೇರಿ 40 ನಿಮಿಷದವರೆಗೂ ಕಿರುಚಿತ್ರವೇ. ಫ್ರಾನ್ಸಿನ ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷವೇ ಮಿತಿ. ಆಯ್ಕೆ ಮಾಡುವವರು ಒಂದೇ ಪ್ರದರ್ಶನದಲ್ಲಿ ಹಲವು ಚಿತ್ರ ಕೂರಿಸಬೇಕು. ನಿಮ್ಮದೊಂದೇ ಎರಡು ಮೂರು ಚಿತ್ರಗಳ ಜಾಗ ತಿಂದರೆ ಅದು ಅಷ್ಟು ಚೆನ್ನಾಗಿಯೂ ಇರಬೇಕಾಗುತ್ತದೆ.

ಮೊದಲ ಎರಡು ನಿಮಿಷ ತೆಗೆದು ನೋಡಿ. ಅಲಾರಂ ಹೊಡೆದು, ನಾಯಕ ಎದ್ದು, ಹಲ್ಲುಜ್ಜಿ, ಕನ್ನಡಿ ನೋಡಿಕೊಳ್ಳುವ ಶುರುವಾತು ಇದ್ದರಂತೂ ನೋಡುವುದೇ ಬೇಡ, ತೆಗೆದುಬಿಡಿ. ಆಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಸುಳ್ಳು ಹೇಳುತ್ತಾರೆ. ಯಾವ ಜಾಗದಲ್ಲಿ ಕುರ್ಚಿಯಲ್ಲಿ ಮಿಸುಕಾಡಿದರು ಅಂತ ಬರೆದುಕೊಳ್ಳಿ. ಉತ್ಸವಗಳಿಗೆ ಕಳಿಸುವ ಆಸೆ ಇದ್ದರೆ ಈಗಲೇ ಯೂಟ್ಯೂಬಿಗೆ ಹಾಕಬೇಡಿ. ಈಗಾಗಲೇ ಎಲ್ಲರಿಗೂ ತೋರಿಸಿದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಹಿಟ್ ಹಾಡೊಂದನ್ನು 30 ಸೆಕೆಂಡಿನೊಳಗೆ ಬಳಸಿದರೆ ಅನುಮತಿ ಬೇಡವಂತೆ. ನಿಜವಾ?

ಸುಳ್ಳು. ಇಷ್ಟು ಸೆಕೆಂಡು ಬಿಟ್ಟಿ ಅನ್ನುವ ನಿಯಮ ಇಲ್ಲ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಒಂದು, ರೆಕಾರ್ಡಿಂಗ್‌ನದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು. ನೀವೇ ಹಾಡಿ ರೆಕಾರ್ಡ್ ಮಾಡಿದರೂ ಮೊದಲನೆಯದು ತಪ್ಪುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಸಂಗೀತ (ಷರತ್ತಿನ ಮೇಲೆ ಬಳಸಲು ಬಿಟ್ಟದ್ದು) ಹುಡುಕುವವರೂ ಹುಷಾರು. ‘ಎನ್‌ಡಿ’ (ನೋ ಡೆರಿವೇಟಿವ್ಸ್, ಬದಲಾಯಿಸುವಂತಿಲ್ಲ) ಅಂತ ಇದ್ದರೆ ಸಿನಿಮಾಕ್ಕೆ ಹಾಕುವಂತಿಲ್ಲ. ಚಲಿಸುವ ಚಿತ್ರಕ್ಕೆ ಸಂಗೀತ ಹೊಂದಿಸಿದರೆ ಅದನ್ನು ಬದಲಾವಣೆ ಎಂದೇ ಆ ಲೈಸೆನ್ಸ್ ಲೆಕ್ಕ ಹಾಕುತ್ತದೆ. ವಾದ್ಯ ನುಡಿಸುವ ಗೆಳೆಯರಿದ್ದರೆ ಅವರಿಂದ ಹೊಸದಾಗಿ ಮಾಡಿಸಿ, ಒಂದು ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳಿ. ಗೆಳೆತನ ಇದ್ದರೂ ಸಹಿ ಬೇಕು.

ಪ್ರಶ್ನೆ: ಎಡಿಟಿಂಗ್ ಕಲಿಯಲು ಯಾವ ಸಾಫ್ಟ್‌ವೇರ್ ಕೊಳ್ಳಲಿ?

ಕೊಳ್ಳಬೇಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಎಡಿಟಿಂಗ್, ಬಣ್ಣ, ಶಬ್ದ ಮೂರೂ ಆಗುತ್ತವೆ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಕಾಪಿ ಮಾಡಿದ ಮೇಲೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬಹುದಾ?

ಒಂದೇ ಕಾಪಿ ಇದ್ದಾಗ ಬೇಡವೇ ಬೇಡ. ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿ. ಫೋಲ್ಡರಿನ ಗಾತ್ರ ಕಾರ್ಡಿನದ್ದಕ್ಕೆ ಸರಿಹೊಂದುತ್ತದಾ ನೋಡಿ. ಪ್ರತಿ ಕ್ಲಿಪ್ಪನ್ನೂ ತೆರೆದು ಕೊನೆಯ ಕೆಲವು ಸೆಕೆಂಡು ಓಡಿಸಿ, ಅರ್ಧಕ್ಕೆ ನಿಂತ ಕಾಪಿ ಸಿಕ್ಕಿಬೀಳುವುದು ಅಲ್ಲೇ. ಆಮೇಲೆ ಎರಡು ಡಿಸ್ಕುಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೊರಡಬೇಡಿ.