‘ಯಾರ ಮೇಲೂ ಅನುಮಾನ ಇರುವುದಿಲ್ಲ’

ಓದುಗರ ಪತ್ರ: ನನ್ನ ತಂಗಿ ಹೋಗಿ ಎರಡು ವರ್ಷವಾಯಿತು. ಆಗ ಅವಳ ಮದುವೆಯಾಗಿ ಒಂಬತ್ತು ವರ್ಷ. ನೇಣು ಹಾಕಿಕೊಂಡಳು ಅಂತ ಗಂಡ ಫೋನ್ ಮಾಡಿದ. ನಾವು ಹೋಗುವಷ್ಟರಲ್ಲಿ ಹೆಣ ಇಳಿಸಿ ಚಾಪೆ ಮೇಲೆ ಮಲಗಿಸಿದ್ದರು. ಊರಿನ ಹಿರಿಯರು ಅಪ್ಪನ ಕೈಲಿ ಪೊಲೀಸರ ಕಾಗದಕ್ಕೆ ಸಹಿ ಹಾಕಿಸಿದರು. ಮಗುವಿನ ಹೆಸರಿಗೆ ಎರಡು ಲಕ್ಷ ಇಡುತ್ತೇವೆ ಎಂದು ಛಾಪಾ ಕಾಗದದ ಮೇಲೆ ಬರೆಸಿದರು. ಈಗ ಅವಳ ಮಗಳಿಗೆ ಎಂಟು ವರ್ಷ. ಪಂಚಮಿಗೆ ಬಂದಿದ್ದಾಗ ‘ಅಪ್ಪ ಅಮ್ಮನ ಕುತ್ತಿಗೆಗೆ ವೇಲ್ ಸುತ್ತಿ ಎಳೀತಿದ್ದ’ ಅಂದಳು. ಮದುವೆಯಾಗಿ ಏಳು ವರ್ಷ ದಾಟಿದ್ದರೆ ಕೇಸು ನಿಲ್ಲಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ನಮಸ್ಕಾರ. ನೀವು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಜವಲ್ಲ.

ಏಳು ವರ್ಷದ ಲೆಕ್ಕ ವರದಕ್ಷಿಣೆ ಸಾವಿನ ಕಾನೂನಿನದು. 1986ರಲ್ಲಿ ಐಪಿಸಿಗೆ 304ಬಿ ಸೇರಿಸಿದರು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಸೆಕ್ಷನ್. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗೆ ಕಾಡಿದ್ದು ಸಾಬೀತಾದರೆ, ಅಲ್ಲ ಎಂದು ತೋರಿಸುವ ಹೊರೆ ಗಂಡನ ಕಡೆಯವರ ಮೇಲೆ ಬೀಳುತ್ತದೆ. ಒಳ್ಳೆಯ ಕಾನೂನೇ. ಆದರೆ ಅದರ ನೆರಳಲ್ಲಿ ಒಂದು ತಪ್ಪು ನಂಬಿಕೆ ಬೆಳೆದುಬಿಟ್ಟಿದೆ. ಏಳು ದಾಟಿತು ಅಂದರೆ ಮುಗೀತು ಅಂತ! ಕೊಲೆ ಕೊಲೆಯೇ. ಮದುವೆಯಾಗಿ ಒಂಬತ್ತು ದಿನವಾಗಿದ್ದರೂ ಅಷ್ಟೇ, ಒಂಬತ್ತು ವರ್ಷವಾಗಿದ್ದರೂ ಅಷ್ಟೇ. ಕೊಲೆ ಕೇಸಿಗೆ ಕಾಲಮಿತಿಯೂ ಇಲ್ಲ. ಆದರೆ ಕಿರುಕುಳದ ಕೇಸಿಗೆ, ಅಂದರೆ ಹಳೆಯ 498ಎಗೆ, ಮೂರು ವರ್ಷದ ಮಿತಿ ಇದೆ. ನಿಮಗೆ ಅದರಲ್ಲಿ ಒಂದು ವರ್ಷ ಉಳಿದಿದೆ, ಮರೆಯಬೇಡಿ.

ಛಾಪಾ ಕಾಗದದ ವಿಷಯ. ಕೊಲೆಯನ್ನು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಜಾಗವೇ ಇಲ್ಲ. ಆ ಕಾಗದ ಕಟ್ಟಿಹಾಕುವುದು ನಿಮ್ಮ ಅಪ್ಪನ ಮನಸ್ಸನ್ನು ಮಾತ್ರ.

ನನಗೆ ಜಾಸ್ತಿ ಚಿಂತೆಯಾಗುವುದು ಅವರು ಹಾಕಿದ ಇನ್ನೊಂದು ಸಹಿಯದು. ನೀವು ಕಳಿಸಿದ ನಕಲಿನಲ್ಲಿ ಅವರ ಹೇಳಿಕೆ ಇದೆ. ‘ನನ್ನ ಮಗಳ ಸಾವಿನಲ್ಲಿ ನನಗೆ ಯಾರ ಮೇಲೂ ಅನುಮಾನ ಇರುವುದಿಲ್ಲ.’ ಇದು ನಿಮ್ಮ ಅಪ್ಪನ ಮಾತಲ್ಲ, ಅಲ್ವಾ? ಯಾವ ಅಪ್ಪನೂ ಹಾಗೆ ಮಾತಾಡುವುದಿಲ್ಲ. ಅದು ಠಾಣೆಯ ರೈಟರ್ ಬರೆಯುವ ಸಾಲು. ವರದಿಗಾರನಾಗಿದ್ದಾಗ ನೋಡಿದ ಯುಡಿಆರ್, ಅಂದರೆ ಅಸಹಜ ಸಾವಿನ ಕಡತಗಳಲ್ಲಿ ಅದೇ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೆಣ ಇನ್ನೂ ಮಣ್ಣಾಗಿರುವುದಿಲ್ಲ, ಬೀಗರು ಎದುರಿಗೇ ನಿಂತಿರುತ್ತಾರೆ, ಕತ್ತಲಾಗುವ ಮುಂಚೆ ಮಣ್ಣು ಮಾಡಬೇಕು ಅಂತ ಎಲ್ಲರಿಗೂ ಅವಸರ. ಆಗ ಹಾಕಿದ ಸಹಿ ಮುಂದೆ ವಕೀಲರ ಕೈಗೆ ಆಯುಧವಾಗುತ್ತದೆ. ‘ಅವತ್ತೇ ಯಾಕೆ ಹೇಳಲಿಲ್ಲ?’ ಅಂತ ಪಾಟೀಸವಾಲಿನಲ್ಲಿ ಮೊದಲು ಕೇಳುವುದೇ ಅದನ್ನು.

ಇಪ್ಪತ್ತು ವರ್ಷದ ಹಿಂದೆ ಒಂದು ಜಿಲ್ಲಾ ಕೋರ್ಟಿನಲ್ಲಿ ನೋಡಿದ್ದು. ಸತ್ತವಳ ತಂದೆ ಕಟಕಟೆಯಲ್ಲಿ ನಿಂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಸರ್ಕಾರಿ ವಕೀಲರು ಏನು ಕೇಳಿದರೂ ‘ನನಗೆ ಗೊತ್ತಿಲ್ಲ ಸ್ವಾಮಿ’. ದೂರು ಕೊಟ್ಟವರೇ ಅವರು! ಸಾಕ್ಷಿ ಉಲ್ಟಾ ಹೊಡೆಯಿತು, ಅಳಿಯ ಬಿಡುಗಡೆಯಾದ. ಹೊರಗೆ ಹುಣಸೆ ಮರದ ಕೆಳಗೆ ಟೀ ಕುಡಿಯುತ್ತಾ ಕೂತಿದ್ದವರನ್ನು ಮಾತಾಡಿಸಿದೆ. ದುಡ್ಡು ತಗೊಂಡಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟು, ‘ಮೊಮ್ಮಗ ಅವರ ಮನೇಲಿದಾನೆ’ ಅಂದರು. ಅಷ್ಟೇ. ಮಗು ಯಾರ ಮನೆಯಲ್ಲಿ ಬೆಳೆಯುತ್ತದೋ ಆ ಮನೆಯ ಕೈ ಮೇಲು. ನಿಮ್ಮ ತಂಗಿಯ ಮಗಳೂ ಅಪ್ಪನ ಮನೆಯಲ್ಲೇ ಇದ್ದಾಳೆ ಅಂತ ಬರೆದಿದ್ದೀರಿ. ಅದಕ್ಕೇ ಈ ಮಾತು ಹೇಳಿದೆ.

ಎಂಟು ವರ್ಷದ ಮಗುವಿನ ಮಾತು ಕೋರ್ಟಿನಲ್ಲಿ ನಡೆಯುತ್ತದಾ? ನಡೆಯುತ್ತದೆ. ಸಾಕ್ಷಿ ಹೇಳಲು ಇಂತಿಷ್ಟೇ ವಯಸ್ಸು ಅಂತ ಇಲ್ಲ. ಪ್ರಶ್ನೆ ಅರ್ಥವಾಗಬೇಕು, ತಿಳಿದು ಉತ್ತರ ಹೇಳಬೇಕು, ಅಷ್ಟು ಸಾಕು. ಮಧ್ಯಪ್ರದೇಶದ ಒಂದು ಪ್ರಕರಣ ನಿಮ್ಮದಕ್ಕೆ ತುಂಬಾ ಹತ್ತಿರ. 2003ರಲ್ಲಿ ಗಂಡ ಹೆಂಡತಿಯನ್ನು ಕೊಂದು ರಾತ್ರೋರಾತ್ರಿ ಸುಟ್ಟುಬಿಟ್ಟ. ನೋಡಿದವಳು ಏಳು ವರ್ಷದ ಮಗಳು ಒಬ್ಬಳೇ. ಕೆಳಗಿನ ಕೋರ್ಟು ಅವಳ ಮಾತು ನಂಬಿ ಶಿಕ್ಷೆ ಕೊಟ್ಟಿತು. ಹೈಕೋರ್ಟು ಬಿಟ್ಟುಬಿಟ್ಟಿತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಮಗಳ ಸಾಕ್ಷಿಯನ್ನೇ ಎತ್ತಿಹಿಡಿದು ಮತ್ತೆ ಶಿಕ್ಷೆ ಕೊಟ್ಟಿತು. ಅಷ್ಟರಲ್ಲಿ ಸುಮಾರು ಇಪ್ಪತ್ತೆರಡು ವರ್ಷ ಕಳೆದಿತ್ತು. ನಿಮಗೆ ಧೈರ್ಯ ತುಂಬಲು ಇದನ್ನು ಹೇಳಹೊರಟೆ. ಇಸವಿಗಳನ್ನು ಕೂಡಿದಾಗ ನನಗೇ ಸುಸ್ತಾಯಿತು.

ಒಂದು ಎಚ್ಚರಿಕೆ. ಮಗುವಿಗೆ ಯಾರೂ ಪದೇ ಪದೇ ಕೇಳಬೇಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ‘ಹೇಳಿಕೊಟ್ಟ ಮಾತು’ ಅನ್ನುವುದಕ್ಕೆ ಆಮೇಲೆ ಅದೇ ಆಧಾರವಾಗುತ್ತದೆ. ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ಕೊಡಿಸಬಹುದು.

ಮನೆಯೊಳಗೆ ನಡೆದ ಸಾವಿಗೆ ಹೊರಗಿನವರು ಸಾಕ್ಷಿ ಎಲ್ಲಿಂದ ತರಬೇಕು? ಇದಕ್ಕೆ ಸಾಕ್ಷ್ಯ ಕಾಯ್ದೆಯಲ್ಲಿ ಒಂದು ದಾರಿ ಇದೆ. ಹಳೆಯ 106, ಈಗಿನ 109ನೇ ಸೆಕ್ಷನ್. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರೇ ವಿವರಿಸಬೇಕು. ರಾತ್ರಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದು ಬೆಳಿಗ್ಗೆ ಅವಳು ಹೆಣವಾಗಿದ್ದರೆ ಅವನು ಬಾಯಿ ಬಿಡಬೇಕು. ಆದರೆ ಪೊಲೀಸರು ಮೊದಲು ತಮ್ಮ ಪಾಲಿನ ಪುರಾವೆ ಇಡಬೇಕು, ಆಮೇಲೆ ಅವನ ಸರದಿ. ನಮ್ಮಲ್ಲಿ ಎಡವುವುದು ಆ ಮೊದಲ ಹೆಜ್ಜೆಯಲ್ಲೇ.

ಕೊಡಗಿನ ಸಂಗತಿ ನೆನಪಿದೆಯಾ? 2020ರಲ್ಲಿ ಹೆಂಡತಿ ಕಾಣೆಯಾದಳು ಅಂತ ಗಂಡನೇ ದೂರು ಕೊಟ್ಟ. ಪಿರಿಯಾಪಟ್ಟಣದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ ಅಂತ ಮಾಡಿ ಅವನನ್ನು ಜೈಲಿಗೆ ಹಾಕಿದರು. ಡಿಎನ್‌ಎ ವರದಿ ತಾಳೆಯಾಗಲಿಲ್ಲ, ಕೇಸು ಮಾತ್ರ ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಸ್ನೇಹಿತರ ಕಣ್ಣಿಗೆ ಬಿದ್ದಳು! ಅವನಿಗಾದ ಅನ್ಯಾಯದ ಬಗ್ಗೆ ಎಲ್ಲರೂ ಬರೆದರು, ನಾವೂ ಬರೆದೆವು. ನನಗೆ ಮಾತ್ರ ಇನ್ನೊಂದು ಪ್ರಶ್ನೆ ಕೊರೆಯುತ್ತದೆ. ಹಾಗಾದರೆ ಆ ಮೂಳೆಗಳು ಯಾರವು? ಅವಸರದ ತನಿಖೆಯಲ್ಲಿ ನಿರಪರಾಧಿ ಒಳಗೆ ಹೋದ. ಸತ್ತಿದ್ದ ಆ ಇನ್ನೊಂದು ಜೀವವನ್ನು ಹುಡುಕುವ ಕೆಲಸವೂ ಅಲ್ಲಿಗೇ ನಿಂತುಹೋಯಿತು.

ತಡವಾದರೂ ಸತ್ಯ ಹೊರಬಂದದ್ದೂ ಇದೆ. ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದರು. ಅಲ್ಲಿದ್ದಾಳೆ, ಇಲ್ಲಿದ್ದಾಳೆ ಅಂತ ಎರಡನೇ ಗಂಡ ಶ್ರದ್ಧಾನಂದ ದಿನಕ್ಕೊಂದು ಕಥೆ ಕಟ್ಟಿದ. ಮಗಳು ಬಿಡಲಿಲ್ಲ, ಪೊಲೀಸರ ಬೆನ್ನು ಬಿದ್ದರು. 1994ರಲ್ಲಿ ರಿಚ್ಮಂಡ್ ರಸ್ತೆಯ ಅದೇ ಮನೆಯ ಅಂಗಳ ಅಗೆದಾಗ ಶವ ಸಿಕ್ಕಿತು. ಅವನು ಸಾಯುವ ತನಕ ಜೈಲಿನಲ್ಲೇ ಇರಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೊಡ್ಡ ಮನೆತನ, ದೊಡ್ಡ ಊರು ಅನ್ನುತ್ತೀರಿ. ಒಪ್ಪುತ್ತೇನೆ.

ಈಗ ಮಾಡಬೇಕಾದದ್ದು. ಕೊಲೆ ಅನುಮಾನ ಎಂದು ಸ್ಪಷ್ಟವಾಗಿ ಬರೆದು ಠಾಣೆಗೆ ದೂರು ಕೊಡಿ. ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಮಗುವನ್ನು ಸದ್ಯಕ್ಕೆ ನಿಮ್ಮ ಬಳಿ ಇಟ್ಟುಕೊಳ್ಳುವ ದಾರಿ ಏನು ಅಂತಲೂ ಅವರನ್ನೇ ಕೇಳಿ. ದೂರು ಕೊಡುವ ಮುಂಚೆಯೇ ಕೇಳಿ.

ಇನ್ನೊಂದು ವಿಷಯ. ಮರಣೋತ್ತರ ಪರೀಕ್ಷೆಯ ವರದಿ ಅಂತ ನೀವು ಕಳಿಸಿರುವುದರಲ್ಲಿ ಮೊದಲ ಪುಟ ಮತ್ತು ಕೊನೆಯ ಪುಟ ಮಾತ್ರ ಇವೆ. ನಡುವಿನದು ಇಲ್ಲ. ಕುತ್ತಿಗೆಯ ಗುರುತಿನ ವಿವರ ಇರುವುದು ಅಲ್ಲೇ. ನೇಣು ಹಾಕಿಕೊಂಡರೆ ಸಾಮಾನ್ಯವಾಗಿ ಗುರುತು ಗಂಟಲಿನ ಮೇಲುಭಾಗದಲ್ಲಿ ಓರೆಯಾಗಿ ಕಿವಿಯ ಕಡೆ ಏರಿರುತ್ತದೆ, ಸುತ್ತು ಪೂರ್ತಿಯಾಗಿರುವುದಿಲ್ಲ. ಬಿಗಿದು ಎಳೆದಿದ್ದರೆ ಅಡ್ಡಡ್ಡ, ಸುತ್ತಲೂ ಇರುತ್ತದೆ. ನಕಲಿಗೆ ಇವತ್ತೇ ಅರ್ಜಿ ಹಾಕಿ. ಸಿಕ್ಕ ಕೂಡಲೇ ಆ ಪುಟ ನಮಗೂ ಕಳಿಸಿ, ವಿಧಿವಿಜ್ಞಾನ ಬಲ್ಲ ವೈದ್ಯರೊಬ್ಬರಿಗೆ ತೋರಿಸಿ ಬರೆಯುತ್ತೇನೆ.