ಟಯರ್ ಬಡಿದು ನೋಡಿದರೆ ಗಾಳಿ ಗೊತ್ತಾಗಲ್ಲ

ಪ್ರಶ್ನೆ: ನನ್ನ ಹತ್ತಿರ ಹತ್ತು ಚಕ್ರದ ಎರಡು ಟಿಪ್ಪರ್ ಇವೆ. ಗ್ರಾನೈಟ್ ಕ್ವಾರಿಯಿಂದ ಖಡಿ ಮಷೀನ್‌ಗೆ ಕಲ್ಲು ಹೊಡೆಯುತ್ತವೆ. ಹಿಂದಿನ ಜೋಡಿಯಲ್ಲಿ ಯಾವಾಗಲೂ ಒಳಗಿನ ಟಯರೇ ಮೊದಲು ಹೋಗುತ್ತದೆ. ಕಂಪನಿ ಬದಲಿಸಿದರೂ ಅದೇ ಹಾಡು. ಏನು ಮಾಡಲಿ?
– ಟಿಪ್ಪರ್ ಮಾಲೀಕ, ಇಳಕಲ್

ಉತ್ತರ: ಕಂಪನಿ ಹಾಗಿರಲಿ, ಒಳಗಿನ ಟಯರ್‌ಗೆ ಗಾಳಿ ಮೀಟರ್ ಹಚ್ಚಿ ಎಷ್ಟು ದಿನವಾಯಿತು? ಬಾಗಲಕೋಟೆಯಲ್ಲಿ ಇಪ್ಪತ್ತು ವರ್ಷದಿಂದ ಟಯರ್ ಕೆಲಸ ಮಾಡುತ್ತಿದ್ದೇನೆ. ಇದನ್ನು ಕೇಳಿದರೆ ಡ್ರೈವರ್ ಜಾಕ್ ರಾಡಿನಿಂದ ಟಪ್ ಅಂತ ಬಡಿದು, "ಗಾಳಿ ಐತಿ ಬಿಡ್ರಿ" ಅನ್ನುತ್ತಾನೆ. ಪೂರ್ತಿ ಚಪ್ಪಟೆಯಾದದ್ದು ಆ ಸದ್ದಿಗೆ ಗೊತ್ತಾಗುತ್ತದೆ. 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿದದ್ದು ಗೊತ್ತಾಗಲ್ಲ.

ಒಳಗಿನ ವಾಲ್ವ್‌ಗೆ ಕೈ ಹೋಗಲ್ಲ ಅಂತ ಅದನ್ನು ಯಾರೂ ಮುಟ್ಟುವುದಿಲ್ಲ. ಗಾಳಿ ಕಮ್ಮಿಯಾದ ಟಯರ್ ಪ್ರತಿ ಸುತ್ತಿಗೂ ಪಕ್ಕದಲ್ಲಿ ಮಡಚಿ ಬಿಚ್ಚುತ್ತದೆ. ಆ ಮಡಚಾಟದಲ್ಲೇ ಕಾವು ಹುಟ್ಟಿ ಒಳಗಿನ ಪದರ ಬಿಡುತ್ತದೆ. ಅದರ ಪಾಲಿನ ಲೋಡ್ ಹೊರಗಿನದರ ಮೇಲೆ ಬೀಳುತ್ತದೆ, ಆಮೇಲೆ ಅದೂ ಹೋಗುತ್ತದೆ. ಒಳಗಿನ ವಾಲ್ವ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿಸಿ. ವಾಲ್ವ್ ಕ್ಯಾಪ್ ಕಳೆದಿದ್ದರೆ ಇವತ್ತೇ ತನ್ನಿ.

ಅಳೆಯುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. ತಣ್ಣಗಿದ್ದಾಗ 110 ಇದ್ದದ್ದು ಮೇ ತಿಂಗಳ ಮಧ್ಯಾಹ್ನ 125 ತೋರಿಸಿದರೆ ಗಾಬರಿ ಬೇಡ, ಕಾದ ಗಾಳಿ ಹಿಗ್ಗುತ್ತದೆ. ಇದು ಗೊತ್ತಿಲ್ಲದೆ, ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಗದ್ದನಕೇರಿ ಕ್ರಾಸ್ ಹತ್ತಿರ ನಿಂತಿದ್ದ ಟಿಪ್ಪರ್‌ನ ಹತ್ತೂ ಟಯರ್‌ನಿಂದ "ಜಾಸ್ತಿ ಆಗ್ಯದ" ಅಂತ ಬುಸ್ ಎಂದು ಗಾಳಿ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅವು 95ಕ್ಕೆ ಬಂದು ಕೂತಿದ್ದವು. ಯಾರೂ ನೋಡಲಿಲ್ಲ. ವಾರದೊಳಗೆ ಒಂದು ಸಿಡಿಯಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಮಾಡಿದ್ದು ನಾನೇ ಅಲ್ವಾ, ಸುಮ್ನೆ ಕೇಳಿಸಿಕೊಂಡೆ. ಅಂದಹಾಗೆ, ಈ 110 ಎಲ್ಲ ಗಾಡಿಗೂ ಅಲ್ಲ. ನಿಮ್ಮ ಟಯರ್ ಸೈಜಿಗೆ, ಲೋಡಿಗೆ ಎಷ್ಟು ಅಂತ ಕಂಪನಿಯ ಪಟ್ಟಿಯಲ್ಲಿ ಇರುತ್ತದೆ.

ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕುವ ಚಟ ಇದ್ದರೆ ಬಿಡಿ. ಒಂದೇ ನೊಗಕ್ಕೆ ಎತ್ತರದ ಎತ್ತು, ಗಿಡ್ಡ ಎತ್ತು ಹೂಡಿದ ಹಾಗೆ. ದೊಡ್ಡದು ಭಾರ ಹೊರುತ್ತದೆ, ಸಣ್ಣದು ಉಜ್ಜುತ್ತಾ ಹೋಗುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಕಲ್ಲನ್ನು ದಿನಾ ತೆಗೆಸಿ.

ಇನ್ನು ನಿಮ್ಮ ಕ್ವಾರಿಯ ದಾರಿ. ಟಿಪ್ಪರ್ ತುಂಬಿ ಚೆಲ್ಲಿದ ಗ್ರಾನೈಟ್ ಚೂರಿನ ಮೇಲೆಯೇ ಮುಂದಿನ ಟ್ರಿಪ್ ಹತ್ತುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಲೋಡರ್ ಬಕೆಟ್‌ನಿಂದ ದಾರಿ ಬಳಿಸಿ. ಮಳೆಗಾಲದಲ್ಲಂತೂ ಬಿಡಲೇಬೇಡಿ. ರಬ್ಬರ್ ಕೊಯ್ಯುವವರು ಚಾಕುವನ್ನು ನೀರಲ್ಲಿ ಅದ್ದುವುದು ನೋಡಿದ್ದೀರಲ್ಲ? ಒದ್ದೆ ರಬ್ಬರಿಗೆ ಕಲ್ಲಿನ ಚೂರೂ ಹಾಗೇ ಸಲೀಸಾಗಿ ಇಳಿಯುತ್ತದೆ.

ಪ್ರಶ್ನೆ: ಎರೆ ಹೊಲದಲ್ಲಿ ಕಾಲುವೆ ಕೆಲಸಕ್ಕೆ ಜೆಸಿಬಿ ಕಳಿಸುತ್ತೇನೆ. ರಾತ್ರಿ ಊರಿಗೆ ವಾಪಸ್, ಒಂದು ಕಡೆಗೆ 25 ಕಿಲೋಮೀಟರ್. ಹಿಂದಿನ ಟಯರ್ ಗುಬ್ಬಿ (ಟಯರ್ ಮೇಲೆ ಎದ್ದಿರುವ ರಬ್ಬರ್ ಗಟ್ಟಿ) ಬೇಗ ಸವೆಯುತ್ತಿದೆ. ಎರೆ ಮಣ್ಣು ಅಷ್ಟು ಕೆಟ್ಟದ್ದೇ?
– ಓದುಗರು, ವಿಜಯಪುರ

ಉತ್ತರ: ಪಾಪ, ಎರೆ ಮಣ್ಣನ್ನು ಯಾಕೆ ಬೈಯುತ್ತೀರಿ? ನಿಮ್ಮ ಟಯರ್ ತಿನ್ನುತ್ತಿರುವುದು ಡಾಂಬರು. ಆ ಎತ್ತರದ ಗುಬ್ಬಿ ಇರುವುದು ಮಣ್ಣು ಹಿಡಿಯಲಿಕ್ಕೆ. ಕಾದ ರೋಡಿನ ಮೇಲೆ ಅದು ಹೊರಳಾಡಿ ಅಳಿಸುವ ರಬ್ಬರಿನ ಹಾಗೆ ಉದುರುತ್ತದೆ. ದಿನಕ್ಕೆ 50 ಕಿಲೋಮೀಟರ್ ಅದೇ ಕಥೆ. ಮಷೀನ್ ಸೈಟಿನಲ್ಲೇ ನಿಲ್ಲಲಿ, ಆಪರೇಟರ್ ಬೈಕಿನಲ್ಲಿ ಬರಲಿ. ಮುಂದಿನ ಬಕೆಟ್ಟಿನಲ್ಲಿ ಮಣ್ಣು ತಳ್ಳುವಾಗ ಚಕ್ರ ತಿರುಗಿ ಜಾರಿದರೆ ಎಕ್ಸಲೇಟರ್ ಬಿಡಲು ಹೇಳಿ.

ಪ್ರಶ್ನೆ: ರಿಮ್ ಬಿರುಕು ಬಿಟ್ಟಿದೆ. ಟಯರ್ ಕಳಚದೆ ವೆಲ್ಡಿಂಗ್ ಮಾಡಿಸಬಹುದೇ?
– ಓದುಗರು, ಮುಧೋಳ

ಉತ್ತರ: ಬೇಡವೇ ಬೇಡ. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರ್ ಕಾದು ಗ್ಯಾಸ್ ಬಿಡುತ್ತದೆ, ಟಯರ್ ಬಾಂಬಿನ ಹಾಗೆ ಸಿಡಿಯುತ್ತದೆ. ಟಯರ್ ಕಳಚಿಸಿ, ಆ ರಿಮ್ ಗುಜರಿಗೆ ಹಾಕಿ.